ಹನ್ನೊಂದು ವರ್ಷದ ಹಳೆ ಪೇಷೆಂಟ್, ಒಂದೇ ದಿನದಲ್ಲಿ ಹೊಸಬರು

"ಹೊಸ ಪೇಷೆಂಟಾ, ಹಳಬರಾ?" ಕೌಂಟರಿನ ಹುಡುಗಿ ಸ್ಕ್ರೀನ್ ನೋಡುತ್ತಲೇ ಕೇಳಿದಳು.

ಅಮ್ಮ ಪರ್ಸಿನಿಂದ ನೀಲಿ ಕಾರ್ಡ್ ತೆಗೆದು ಮುಂದಿಟ್ಟಳು. ಮೂಲೆಗಳು ಸವೆದು ಬೆಳ್ಳಗಾದ ಕಾರ್ಡ್. ಹನ್ನೊಂದು ವರ್ಷದಿಂದ ಅದೇ ಕಾರ್ಡ್, ಅದೇ ನಂಬರ್. ಅಮ್ಮನಿಗೆ ಆ ನಂಬರ್ ಬಾಯಿಪಾಠ. ಹುಡುಗಿ ಎರಡು ಸಲ ಟೈಪ್ ಮಾಡಿ ನೋಡಿದಳು. "ಈ ನಂಬರ್ ಈಗ ನಡೆಯುವುದಿಲ್ಲ ಅಮ್ಮ, ಹೊಸದಾಗಿ ರಿಜಿಸ್ಟರ್ ಮಾಡಬೇಕು" ಅಂದಳು. ಮಾತಿನಲ್ಲಿ ಒರಟುತನ ಇರಲಿಲ್ಲ, ಪಾಪ, ಅವಳಿಗೆ ಕೊಟ್ಟ ಕೆಲಸ ಅದು. ಅಮ್ಮ ಕಾರ್ಡನ್ನು ವಾಪಸ್ ಪರ್ಸಿಗೆ ಹಾಕಿಕೊಂಡಳು. "ನಾನು ಇಲ್ಲಿಗೆ ಬರುತ್ತಿದ್ದುದು ಇವರಿಗೆ ಗೊತ್ತೇ ಇಲ್ಲವಂತೆ" ಎಂದು ನನ್ನ ಕಿವಿಯಲ್ಲಿ ಹೇಳಿದಳು.

ನಮ್ಮ ಮನೆಗೆ ಹತ್ತಿರದ ಆಸ್ಪತ್ರೆಯನ್ನು ಒಂದು ದೊಡ್ಡ ಆಸ್ಪತ್ರೆ ಸಮೂಹ ತನ್ನೊಳಗೆ ಸೇರಿಸಿಕೊಂಡು ಹದಿನಾಲ್ಕು ತಿಂಗಳಾಯಿತು. ಆ ಹದಿನಾಲ್ಕು ತಿಂಗಳ ಅನುಭವ ಇದು. ಆಸ್ಪತ್ರೆಯ ಹೆಸರು ಬರೆಯುತ್ತಿಲ್ಲ. ಅಮ್ಮನ ಚಿಕಿತ್ಸೆ ಈಗಲೂ ಅಲ್ಲೇ ನಡೆಯುತ್ತಿದೆ, ಮತ್ತೆ ಇಂಥದ್ದು ಇದೊಂದೇ ಆಸ್ಪತ್ರೆಯಲ್ಲಿ ಆಗುತ್ತಿರುವುದೂ ಅಲ್ಲ. ಅಲ್ಲಿ ಒಳ್ಳೆಯದೂ ಆಗಿದೆ, ತುಂಬಾ ಒಳ್ಳೆಯದೇ ಆಗಿದೆ. ಅದನ್ನೂ ಬರೆಯುತ್ತೇನೆ. ಆದರೆ ಮೊದಲು ಆ ಕೌಂಟರಿನ ಮಾತಿನ ಬೆಲೆ ಎಷ್ಟು ಅಂತ ಹೇಳಬೇಕು. ಕಟ್ಟಡ ಅದೇ, ಮೆಟ್ಟಿಲು ಅದೇ, ಅರ್ಧದಷ್ಟು ಮುಖಗಳೂ ಅವೇ. ಹಾಗಿದ್ದೂ ಆಸ್ಪತ್ರೆಯ ಲೆಕ್ಕದಲ್ಲಿ ಅಮ್ಮ ಅವತ್ತು ಬೆಳಗ್ಗೆ ಹುಟ್ಟಿದವಳು.

ಅಮ್ಮನ ಹೃದಯದಲ್ಲಿ ಮೆಕ್ಯಾನಿಕಲ್ ವಾಲ್ವ್, ಅಂದರೆ ಕೃತಕ ಕವಾಟ ಇದೆ, ಎಡಭಾಗದ ಮೈಟ್ರಲ್ ಕವಾಟದ ಜಾಗದಲ್ಲಿ. ರಾತ್ರಿ ಎಲ್ಲ ಸದ್ದು ಅಡಗಿದ ಮೇಲೆ ಪಕ್ಕದಲ್ಲಿ ಮಲಗಿದರೆ ಅದರ ಟಿಕ್ ಟಿಕ್ ಕೇಳಿಸುತ್ತದೆ. ಆ ವಾಲ್ವಿನ ಮೇಲೆ ರಕ್ತ ಹೆಪ್ಪುಗಟ್ಟಬಾರದು. ಅದಕ್ಕೆ ವಾರ್ಫರಿನ್ ಮಾತ್ರೆ, ಬದುಕಿರುವ ತನಕ. ಈ ಮಾತ್ರೆಯ ಕಷ್ಟ ಏನೆಂದರೆ ಸ್ವಲ್ಪ ಕಡಿಮೆಯಾದರೆ ಹೆಪ್ಪು, ಸ್ವಲ್ಪ ಜಾಸ್ತಿಯಾದರೆ ರಕ್ತಸ್ರಾವ. ನಡುವೆ ಒಂದು ಕಿರಿದಾದ ದಾರಿ. ಆ ದಾರಿಯಲ್ಲೇ ಇದ್ದೀವಾ ಅಂತ ನೋಡಲು ಐಎನ್‌ಆರ್ ಎಂಬ ರಕ್ತಪರೀಕ್ಷೆ. ಮಾತ್ರೆ ತೆಗೆದುಕೊಳ್ಳದವರಲ್ಲಿ ಅದು ಸುಮಾರು 1 ಇರುತ್ತದೆ. ಅಮ್ಮನಿಗೆ 2.5ರಿಂದ 3.5ರ ಒಳಗೆ ಇರಬೇಕು.

ಮೊದಲು ಈ ಪರೀಕ್ಷೆ ಹೇಗೆ ನಡೆಯುತ್ತಿತ್ತು ಅಂದರೆ, ನೆಲಮಾಳಿಗೆಯ ಲ್ಯಾಬಿನಲ್ಲಿ ರಕ್ತ ಕೊಟ್ಟು ಬೆಂಚಿನ ಮೇಲೆ ಮುಕ್ಕಾಲು ಗಂಟೆ ಕೂರುವುದು. ಒಬ್ಬರು ಹಿರಿಯ ಸಿಸ್ಟರ್ ಚೀಟಿ ತರುತ್ತಿದ್ದರು. ಚೀಟಿಯ ಮೂಲೆಯಲ್ಲಿ ಪೆನ್ನಿನಿಂದ "ಗುರಿ 2.5–3.5" ಅಂತ ಬರೆದಿರುತ್ತಿದ್ದರು. ಅಮ್ಮನ ಫೈಲಿನ ಮೊದಲ ಪುಟದಲ್ಲಿ ಕೆಂಪು ಶಾಯಿಯಲ್ಲಿ ಎರಡು ಸಾಲು. ಒಂದು, ವಾರ್ಫರಿನ್ ನಡೆಯುತ್ತಿದೆ. ಇನ್ನೊಂದು, ಪೆನಿಸಿಲಿನ್ ಅಲರ್ಜಿ. ಯಾವ ಡಾಕ್ಟರ್ ಫೈಲ್ ತೆರೆದರೂ ಕಣ್ಣಿಗೆ ಮೊದಲು ಬೀಳುತ್ತಿದ್ದುದು ಆ ಕೆಂಪು.

ವಿಲೀನದ ನಂತರ ಲ್ಯಾಬ್ ಮುಚ್ಚಿತು. ಈಗ ಅಲ್ಲಿ ರಕ್ತ ಮಾತ್ರ ತೆಗೆಯುತ್ತಾರೆ. ಬೆಳಗ್ಗೆ ಹನ್ನೊಂದಕ್ಕೆ ಒಂದು ವ್ಯಾನ್, ಸಂಜೆ ನಾಲ್ಕಕ್ಕೆ ಒಂದು ವ್ಯಾನ್. ಸ್ಯಾಂಪಲ್ ಮುಖ್ಯ ಆಸ್ಪತ್ರೆಯ ದೊಡ್ಡ ಲ್ಯಾಬಿಗೆ ಹೋಗುತ್ತದೆ. ಫಲಿತಾಂಶ ಮೊಬೈಲ್ ಆ್ಯಪಿಗೆ ಬರುತ್ತದೆ. ದೊಡ್ಡ ಲ್ಯಾಬ್ ಅಂದರೆ ಒಳ್ಳೆಯ ಯಂತ್ರ, ಒಳ್ಳೆಯ ಗುಣಮಟ್ಟ. ಅದರ ಬಗ್ಗೆ ನನಗೆ ಅನುಮಾನ ಇಲ್ಲ. ಹಾಗೆ ನೋಡಿದರೆ ಐಎನ್‌ಆರ್ ಅನ್ನೋ ಅಳತೆ ಬಂದದ್ದೇ ಲ್ಯಾಬ್ ಬದಲಾದರೂ ರೋಗಿಗೆ ತೊಂದರೆ ಆಗಬಾರದು ಅಂತ. ರಕ್ತ ಹೆಪ್ಪುಗಟ್ಟುವ ಸಮಯ ಅಳೆಯಲು ಲ್ಯಾಬುಗಳು ಬಳಸುವ ಥ್ರಾಂಬೊಪ್ಲಾಸ್ಟಿನ್ ಎಂಬ ವಸ್ತು ಒಂದೊಂದು ಕಡೆ ಒಂದೊಂದು ಥರ. ಅದೇ ರಕ್ತಕ್ಕೆ ಒಂದು ಲ್ಯಾಬ್ ಒಂದು ಸಂಖ್ಯೆ ಹೇಳಿದರೆ ಇನ್ನೊಂದು ಲ್ಯಾಬ್ ಇನ್ನೊಂದು ಹೇಳುತ್ತಿತ್ತು. ಅದನ್ನು ಸರಿದೂಗಿಸಲು ವಿಶ್ವ ಆರೋಗ್ಯ ಸಂಸ್ಥೆ 1980ರ ದಶಕದ ಮೊದಲಲ್ಲಿ ಈ ಅಳತೆಯನ್ನು ಒಪ್ಪಿಕೊಂಡಿತು. ಹಾಗಾಗಿ ಲ್ಯಾಬ್ ಬದಲಾದಾಗ ನಾನು ಹೆದರಲಿಲ್ಲ. ಏಟು ಬಿದ್ದದ್ದು ಬೇರೆ ಕಡೆಯಿಂದ.

ವಿಲೀನವಾಗಿ ನಾಲ್ಕನೇ ತಿಂಗಳು. ಅಮ್ಮನಿಗೆ ಉರಿಮೂತ್ರ ಶುರುವಾಯಿತು. ನಾನು ಕೆಲಸದ ಮೇಲೆ ಬೇರೆ ಕಡೆ ಹೋಗಿದ್ದೆ. ತಮ್ಮ ಕರೆದುಕೊಂಡು ಹೋದ. ಕೂತಿದ್ದವರು ಹೊಸ ಡಾಕ್ಟರ್, ಚಿಕ್ಕ ವಯಸ್ಸು, ಒಳ್ಳೆಯ ಮಾತು. ಅಮ್ಮನ ಹೊಸ ನಂಬರ್ ಹಾಕಿ ಸ್ಕ್ರೀನ್ ನೋಡಿದರು. "ಈಗ ನಡೆಯುತ್ತಿರುವ ಔಷಧಿಗಳು: ಇಲ್ಲ. ಅಲರ್ಜಿ: ಇಲ್ಲ." ಅವರು ಕೋ-ಟ್ರೈಮಾಕ್ಸಜೋಲ್ ಎಂಬ ಆಂಟಿಬಯೋಟಿಕ್ ಬರೆದುಕೊಟ್ಟರು. ಸಾಮಾನ್ಯ ರೋಗಿಗೆ ಅದು ಸರಿಯಾದ ಮದ್ದೇ. ವಾರ್ಫರಿನ್ ತೆಗೆದುಕೊಳ್ಳುವವರಿಗೆ ಅದು ಐಎನ್‌ಆರನ್ನು ಮೇಲಕ್ಕೆ ಒಯ್ಯುತ್ತದೆ, ಇದು ಎಲ್ಲ ಡಾಕ್ಟರುಗಳಿಗೂ ಗೊತ್ತಿರುವ ವಿಷಯ. ಆದರೆ ವಾರ್ಫರಿನ್ ಇದೆ ಅಂತ ಅವರಿಗೆ ಹೇಳುವವರು ಯಾರೂ ಇರಲಿಲ್ಲ. ಕೆಂಪು ಶಾಯಿಯ ಫೈಲ್ ಗೋದಾಮಿಗೆ ಹೋಗಿತ್ತು. ಅಮ್ಮನ ಔಷಧಿಗಳ ವಿವರ ಬರೆದಿಟ್ಟ ಮನೆಯ ನೋಟ್‌ಬುಕ್ ನನ್ನ ಕಪಾಟಿನಲ್ಲಿತ್ತು. ತಮ್ಮನಿಗೆ ಹೊಳೆಯಲಿಲ್ಲ. ಅಮ್ಮನಂತೂ "ಇದೆಲ್ಲಾ ಇವರಿಗೆ ಗೊತ್ತಿರುತ್ತದೆ" ಅಂದುಕೊಂಡಿದ್ದಳು. ಹನ್ನೊಂದು ವರ್ಷ ಹಾಗೇ ಇತ್ತು ತಾನೇ?

ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು. ಸ್ಕ್ರೀನಿನ ಮೇಲೆ ಬರಬೇಕಿದ್ದದ್ದು "ಗೊತ್ತಿಲ್ಲ". ಬಂದದ್ದು "ಇಲ್ಲ". ಈ ಎರಡು ಪದಗಳ ನಡುವೆ ಒಬ್ಬ ಮನುಷ್ಯನ ಜೀವ ಹೋಗಬಹುದು. ಹಳೆಯ ಕಂಪ್ಯೂಟರಿನಿಂದ ಹೊಸದಕ್ಕೆ ಮಾಹಿತಿ ಸಾಗಿಸುವಾಗ ಹೆಸರು, ವಯಸ್ಸು, ಫೋನ್ ನಂಬರ್ ಬಂದಿವೆ. ಅಲರ್ಜಿ, ಮಾತ್ರೆಗಳ ಪಟ್ಟಿ ಬಂದಿಲ್ಲ. ಖಾಲಿ ಜಾಗವನ್ನು ಹೊಸ ಸಾಫ್ಟ್‌ವೇರ್ "ಇಲ್ಲ" ಅಂತ ತೋರಿಸಿದೆ. ಆ ಹುಡುಗ ಡಾಕ್ಟರನ್ನು ನಾನು ಬೈಯಲಾರೆ. ಅವರು ಸ್ಕ್ರೀನನ್ನು ನಂಬಿದರು. ಇದನ್ನು ಪರೀಕ್ಷಿಸದೆ ಚಾಲೂ ಮಾಡಿದವರ ಮೇಲೆ ನನಗೆ ಈಗಲೂ ಸಿಟ್ಟಿದೆ. ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಔಷಧಿಗಳಿಂದಾಗುವ ಅನಾಹುತ ತಡೆಯಲು ಒಂದು ಅಭಿಯಾನ ಶುರುಮಾಡಿತು. ಅದು ಹೆಚ್ಚು ಗಮನ ಕೊಡಬೇಕೆಂದ ಮೂರು ವಿಷಯಗಳಲ್ಲಿ ಒಂದು, ರೋಗಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ದಾಟುವ ಹೊತ್ತು. ಅಮ್ಮ ಕುರ್ಚಿಯಿಂದ ಏಳದೆ ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ದಾಟಿದ್ದಳು. ಅದನ್ನು ದಾಟುವುದು ಅಂತ ಯಾರೂ ಲೆಕ್ಕ ಹಾಕಲೇ ಇಲ್ಲ.

ಐದು ದಿನ ಕಳೆಯಿತು. ನಾನು ವಾಪಸ್ ಬಂದ ದಿನ ಸಂಜೆ ಬಚ್ಚಲಿನ ಸಿಂಕಿನಲ್ಲಿ ನಸುಗೆಂಪು ನೀರು ಕಂಡಿತು. ಹಲ್ಲುಜ್ಜುವಾಗ ಅಮ್ಮನ ವಸಡಿನಿಂದ ರಕ್ತ. "ನಿನ್ನೆಯಿಂದ ಸ್ವಲ್ಪ ಸ್ವಲ್ಪ" ಅಂದಳು. ಅವತ್ತು ಬೆಳಗ್ಗೆ ತಿಂಗಳ ಐಎನ್‌ಆರ್‌ಗೆ ರಕ್ತ ಕೊಟ್ಟು ಬಂದಿದ್ದಳು. ಆ್ಯಪ್ ತೆರೆದೆ. ಫಲಿತಾಂಶ ಮಧ್ಯಾಹ್ನ ಮೂರಕ್ಕೇ ಬಂದು ಕೂತಿತ್ತು. 4.8. ಪಕ್ಕದಲ್ಲಿ ಕೆಂಪು ಬಾಣ.

ನನ್ನ ಎದೆ ಧಸಕ್ಕೆಂದಿತು. ಯಾಕೆ ಯಾರೂ ಫೋನ್ ಮಾಡಲಿಲ್ಲ? ಹಿಂದಿನ ತಿಂಗಳುಗಳ ಫಲಿತಾಂಶ ತೆರೆದು ನೋಡಿದೆ. 2.9, ಕೆಂಪು ಬಾಣ. 3.1, ಕೆಂಪು ಬಾಣ. ಆಗ ತಿಳಿಯಿತು. ಹೊಸ ಲ್ಯಾಬಿನ ಲೆಕ್ಕದಲ್ಲಿ ಸರಿಯಾದ ಮಟ್ಟ ಅಂದರೆ ಮಾತ್ರೆ ತೆಗೆದುಕೊಳ್ಳದವರ ಮಟ್ಟ, ಸುಮಾರು 1. ಅದಕ್ಕಿಂತ ಮೇಲೆ ಇದ್ದದ್ದೆಲ್ಲ ಕೆಂಪು. ಅಮ್ಮನಿಗೆ ಸರಿಯಾಗಿದ್ದಾಗಲೂ ಕೆಂಪು, ಅಪಾಯದಲ್ಲಿದ್ದಾಗಲೂ ಅದೇ ಕೆಂಪು. ಸಿಸ್ಟರ್ ಪೆನ್ನಿನಲ್ಲಿ ಬರೆಯುತ್ತಿದ್ದ "ಗುರಿ 2.5–3.5" ಎಂಬ ನಾಲ್ಕು ಅಂಕಿಗಳ ಚೀಟಿ ಎಷ್ಟು ದೊಡ್ಡ ಕೆಲಸ ಮಾಡುತ್ತಿತ್ತು ಅಂತ ಆ ರಾತ್ರಿ ಅರ್ಥವಾಯಿತು.

ಸಹಾಯವಾಣಿಗೆ ಫೋನ್ ಮಾಡಿದೆ. ಒಂದು ಒತ್ತಿ, ಮೂರು ಒತ್ತಿ, ಮತ್ತೆ ಒಂದು ಒತ್ತಿ. ಇಪ್ಪತ್ತೆರಡು ನಿಮಿಷ ಸಂಗೀತ. ಆಮೇಲೆ ಸಿಕ್ಕವರು "ನಾಳೆಗೆ ಅಪಾಯಿಂಟ್‌ಮೆಂಟ್ ಕೊಡಲಾ?" ಅಂದರು. ಅಮ್ಮನನ್ನು ಕಾರಿನಲ್ಲಿ ಕೂರಿಸಿಕೊಂಡು ನೇರ ತುರ್ತು ವಿಭಾಗಕ್ಕೆ ಹೋದೆ. ಅಲ್ಲಿ ಆ ಹಿರಿಯ ಸಿಸ್ಟರ್ ಇದ್ದರು. ಲ್ಯಾಬ್ ಮುಚ್ಚಿದ ಮೇಲೆ ಅವರನ್ನು ಅಲ್ಲಿಗೆ ಹಾಕಿದ್ದರಂತೆ. ಅಮ್ಮನನ್ನು ನೋಡಿದ ತಕ್ಷಣ "ವಾಲ್ವಿನ ಅಮ್ಮ ಅಲ್ವಾ, ಏನಾಯಿತು?" ಅಂದರು. ಡ್ಯೂಟಿ ಡಾಕ್ಟರಿಗೆ ಒಂದೇ ಉಸಿರಿನಲ್ಲಿ ಎಲ್ಲ ಹೇಳಿದರು. ವಾಲ್ವ್, ವಾರ್ಫರಿನ್, ಗುರಿ ಎಷ್ಟು, ಪೆನಿಸಿಲಿನ್ ಆಗುವುದಿಲ್ಲ. ಡಾಕ್ಟರ್ ತಲೆನೋವಿದೆಯಾ, ಎಲ್ಲಾದರೂ ಬಿದ್ದಿದ್ದಾರಾ, ಮಲ ಕಪ್ಪಗೆ ಹೋಗುತ್ತಿದೆಯಾ ಅಂತ ಒಂದೊಂದಾಗಿ ಕೇಳಿದರು. ಯಾವುದೂ ಇರಲಿಲ್ಲ. ಆ ಆಂಟಿಬಯೋಟಿಕ್ ನಿಲ್ಲಿಸಿ ಬೇರೆ ಕೊಟ್ಟರು. ಆ ರಾತ್ರಿಯ ವಾರ್ಫರಿನ್ ಬೇಡ ಅಂದರು. ರಾತ್ರಿ ಅಲ್ಲೇ ಉಳಿಸಿಕೊಂಡು ಬೆಳಗ್ಗೆ ಮತ್ತೆ ರಕ್ತ ನೋಡಿದರು. ಮೂರು ದಿನದಲ್ಲಿ ಎಲ್ಲ ಹತೋಟಿಗೆ ಬಂತು. ಇದನ್ನು ಓದಿ ಯಾರೂ ತಾವಾಗಿಯೇ ಮಾತ್ರೆ ನಿಲ್ಲಿಸಬೇಡಿ. ವಾಲ್ವ್ ಇರುವವರಿಗೆ ನಿಲ್ಲಿಸುವುದೂ ಅಷ್ಟೇ ಅಪಾಯ.

ಅದೇ ತಿಂಗಳು ಇನ್ನೊಂದು ಸಣ್ಣ ವಿಷಯ ಆಯಿತು. ಸಮೂಹದ ಔಷಧಿ ಅಂಗಡಿಯಲ್ಲಿ ವಾರ್ಫರಿನ್ ಬೇರೆ ಕಂಪನಿಯದು ಬಂತು. ಮಾತ್ರೆಯ ಬಣ್ಣ ಬೇರೆ. ಅಮ್ಮನಿಗೆ ಕಣ್ಣು ಮಂಜು, ಅವಳು ಮಾತ್ರೆ ಗುರುತಿಸುವುದು ಬಣ್ಣದಿಂದ, ಗಾತ್ರದಿಂದ. ಡಬ್ಬಿಯಲ್ಲಿ ಹಳೆಯದೂ ಹೊಸದೂ ಎರಡೂ ಇದ್ದವು. ಎರಡೂ ವಾರ್ಫರಿನ್ ಅಂತ ಅವಳಿಗೆ ಗೊತ್ತಿರಲಿಲ್ಲ. ಎರಡನ್ನೂ ನುಂಗುವ ಮೊದಲು ನಾನು ನೋಡಿದೆ, ಅಷ್ಟೇ ಪುಣ್ಯ. ನಿಮ್ಮ ಮನೆಯಲ್ಲಿ ವಯಸ್ಸಾದವರಿದ್ದರೆ ವಿಲೀನದ ನಂತರದ ಮೊದಲ ಎರಡು ಮೂರು ಸಲ ಮಾತ್ರೆಯ ಸ್ಟ್ರಿಪ್ಪನ್ನು ಬೆಳಕಿನಲ್ಲಿ ಹಿಡಿದು ನೀವೇ ಓದಿ. ಕಂಪನಿಯ ಹೆಸರನ್ನು ಬಿಡಿ, ಒಳಗಿನ ಮದ್ದಿನ ಹೆಸರು ಮತ್ತು ಮಿಲಿಗ್ರಾಂ ಓದಿ.

ಇನ್ನು ಒಳ್ಳೆಯದು. ಇದನ್ನು ಬರೆಯುವಾಗ ನನಗೆ ನಿಜಕ್ಕೂ ಮನಸ್ಸು ತುಂಬಿ ಬರುತ್ತದೆ, ಯಾಕೆಂದರೆ ಚಿಕ್ಕಪ್ಪ ಬದುಕಿರುವುದು ಈ ವಿಲೀನದಿಂದಲೇ.

ಮುಂಜಾನೆ ನಾಲ್ಕೂವರೆಗೆ ಅವರಿಗೆ ಎದೆ ಭಾರ, ಮೈಯೆಲ್ಲ ಬೆವರು. ಅದೇ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಕರೆದುಕೊಂಡು ಹೋದೆವು. ಒಳಗೆ ಹೋದ ಹತ್ತು ನಿಮಿಷದೊಳಗೆ ಇಸಿಜಿ ಆಯಿತು. ಅದು ಹಾಗೇ ದೊಡ್ಡ ಆಸ್ಪತ್ರೆಯ ಹೃದಯ ತಜ್ಞರ ಫೋನಿಗೆ ಹೋಯಿತು. ಅವರು ಅಲ್ಲಿಂದಲೇ ನೋಡಿ, ಒಂದು ರಕ್ತನಾಳ ಪೂರ್ತಿ ಮುಚ್ಚಿದೆ, ತಕ್ಷಣ ಕಳಿಸಿ ಅಂದರು. ನಾವು ಆಂಬುಲೆನ್ಸ್ ಹತ್ತುವ ಹೊತ್ತಿಗೆ ಅಲ್ಲಿ ಮುಚ್ಚಿದ ರಕ್ತನಾಳ ತೆರೆಯುವ ಕ್ಯಾಥ್ ಲ್ಯಾಬಿನ ದೀಪ ಹತ್ತಿತ್ತು. ಅಲ್ಲಿ ಇಳಿದಾಗ ಯಾರೂ ಕೌಂಟರಿಗೆ ಹೋಗಿ ಅನ್ನಲಿಲ್ಲ. ಸ್ಟ್ರೆಚರ್ ನೇರ ಒಳಗೆ. ಇಂಥ ರೋಗಿಯನ್ನು ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಸಾಗಿಸುವುದಾದರೆ, ಮೊದಲು ನೋಡಿದ ಹೊತ್ತಿನಿಂದ ನಾಳ ತೆರೆಯುವ ತನಕ 120 ನಿಮಿಷ ಮೀರಬಾರದು ಅನ್ನುತ್ತವೆ ಹೃದ್ರೋಗ ತಜ್ಞರ ಮಾರ್ಗಸೂಚಿಗಳು. ಚಿಕ್ಕಪ್ಪನ ಕಾಗದದಲ್ಲಿ 98 ನಿಮಿಷ ಅಂತ ಇದೆ.

ವಿಲೀನಕ್ಕೆ ಮೊದಲು ನಮ್ಮ ಪಕ್ಕದ ಮನೆಯವರಿಗೆ ಇದೇ ಆದಾಗ ನಾನು ಜೊತೆಗಿದ್ದೆ. ಇಸಿಜಿ ಆಗಿ ಕೂತಿದ್ದೆವು. ಮಗ ಒಂದೊಂದೇ ಆಸ್ಪತ್ರೆಗೆ ಫೋನ್ ಮಾಡಿ "ಬೆಡ್ ಇದೆಯಾ?" ಅಂತ ಕೇಳುತ್ತಿದ್ದ. ಮೂರನೇ ಕಡೆ ಇದೆ ಅಂದರು. ಅಷ್ಟರಲ್ಲಿ ಎರಡು ಗಂಟೆ ಹೋಗಿತ್ತು. ಅವರು ಉಳಿದರು, ಆದರೆ ಹೃದಯದ ಸ್ನಾಯು ಬಹಳ ಹಾಳಾಗಿತ್ತು. ಈಗಲೂ ಹತ್ತು ಹೆಜ್ಜೆಗೆ ನಿಲ್ಲುತ್ತಾರೆ. ಚಿಕ್ಕಪ್ಪ ದಿನಾ ನಡೆಯಲು ಹೋಗುತ್ತಾರೆ.

ನನ್ನ ತಂಗಿ ಸಾರ್ವಜನಿಕ ಆರೋಗ್ಯದ ವಿಷಯ ಓದಿದವಳು. ಇದನ್ನು ಹೇಳಿದಾಗ ಅವಳು ಲಂಡನ್ ಉದಾಹರಣೆ ಕೊಟ್ಟಳು. ಅಲ್ಲಿ ಪಾರ್ಶ್ವವಾಯು ಆದವರನ್ನು ಮೊದಲು ಸುಮಾರು 30 ಆಸ್ಪತ್ರೆಗಳಲ್ಲಿ ನೋಡುತ್ತಿದ್ದರು. 2010ರಲ್ಲಿ ಅದನ್ನೆಲ್ಲ 8 ವಿಶೇಷ ಘಟಕಗಳಿಗೆ ಒಟ್ಟುಗೂಡಿಸಿದರು. ಹತ್ತಿರದ ಆಸ್ಪತ್ರೆ ದಾಟಿ ಆಂಬುಲೆನ್ಸ್ ಮುಂದೆ ಹೋಗುತ್ತಿತ್ತು. ಜನರಿಗೆ ಭಯ ಇತ್ತು. ಆದರೆ 2014ರಲ್ಲಿ ಲೆಕ್ಕ ಹಾಕಿದಾಗ, ಬದಲಾವಣೆಯ ನಂತರದ 21 ತಿಂಗಳಲ್ಲಿ 168 ಸಾವು ಕಡಿಮೆಯಾಗಿದ್ದವು. ಮ್ಯಾಂಚೆಸ್ಟರ್‌ನಲ್ಲೂ ಅದೇ ಸಮಯಕ್ಕೆ ಒಟ್ಟುಗೂಡಿಸಿದರು, ಆದರೆ ಎಲ್ಲ ರೋಗಿಗಳನ್ನೂ ವಿಶೇಷ ಘಟಕಕ್ಕೆ ಒಯ್ಯಲಿಲ್ಲ. ಅಲ್ಲಿ ಸಾವಿನ ಲೆಕ್ಕದಲ್ಲಿ ಅಂಥ ಇಳಿತ ಕಾಣಲಿಲ್ಲ. ಒಟ್ಟುಗೂಡಿಸುವುದು ಎರಡು ಕಡೆಯೂ ಆಯಿತು. ಹೇಗೆ ಮಾಡಿದರು ಅನ್ನುವುದರಲ್ಲಿ ವ್ಯತ್ಯಾಸ. ನಮ್ಮ ಆಸ್ಪತ್ರೆ ಎದೆನೋವಿನ ವಿಷಯದಲ್ಲಿ ಲಂಡನ್ ಥರ ಮಾಡಿದೆ. ಅದಕ್ಕೆ ನಾನು ಪೂರ್ತಿ ಅಂಕ ಕೊಡುತ್ತೇನೆ.

ಆಪರೇಷನ್ ಥಿಯೇಟರ್ ಕೂಡ ಸುಧಾರಿಸಿದೆ. ನನ್ನ ಪಿತ್ತಕೋಶ ತೆಗೆಯಬೇಕಾಯಿತು. ಅರಿವಳಿಕೆ ಕೊಡುವ ಮೊದಲು ಒಬ್ಬರು ನನ್ನ ಹೆಸರು, ಯಾವ ಆಪರೇಷನ್, ಅಲರ್ಜಿ ಏನಾದರೂ ಇದೆಯಾ ಅಂತ ನನ್ನ ಬಾಯಿಂದಲೇ ಹೇಳಿಸಿದರು. ಗೋಡೆಯ ಮೇಲೆ ಆಪರೇಷನ್ ಸುರಕ್ಷಿತವಾಗಿ ನಡೆಯಲು ಒಂದೊಂದಾಗಿ ನೋಡಿಕೊಳ್ಳಬೇಕಾದ, ವಿಶ್ವ ಆರೋಗ್ಯ ಸಂಸ್ಥೆಯ 19 ಅಂಶಗಳ ಪಟ್ಟಿ ಇತ್ತು. ಎಂಟು ದೇಶಗಳ ಎಂಟು ಆಸ್ಪತ್ರೆಗಳಲ್ಲಿ ಆ ಪಟ್ಟಿ ಬಳಸಿ ನೋಡಿದಾಗ ಆಪರೇಷನ್ ನಂತರದ ಸಾವು ಶೇಕಡಾ 1.5ರಿಂದ 0.8ಕ್ಕೆ ಇಳಿದಿತ್ತು ಅಂತ 2009ರಲ್ಲಿ ಪ್ರಕಟವಾಗಿದೆ. ಹಳೆಯ ಆಡಳಿತದಲ್ಲಿ ಈ ಪಟ್ಟಿ ಇರಲಿಲ್ಲ. ದೊಡ್ಡ ವ್ಯವಸ್ಥೆ ಬಂದದ್ದರಿಂದ ಬಂತು.

ಈಗ ಡಾಕ್ಟರುಗಳ ವಿಷಯ. ಅಮ್ಮನನ್ನು ಒಂಬತ್ತು ವರ್ಷ ನೋಡಿದ ಫಿಸಿಷಿಯನ್ ವಿಲೀನವಾದ ಮೂರನೇ ತಿಂಗಳು ಬಿಟ್ಟುಹೋದರು. ಯಾಕೆ ಅಂತ ಅವರು ಹೇಳಲಿಲ್ಲ, ನಾವು ಕೇಳಲೂ ಇಲ್ಲ. ಕೊನೆಯ ದಿನ ಅಮ್ಮನ ಕೈ ಹಿಡಿದು "ನಿಮ್ಮ ನಾಡಿ ನನ್ನ ಬೆರಳಿಗೆ ಗೊತ್ತು" ಅಂದರು. ಅದಾದ ಮೇಲೆ ಏಳು ಸಲ ಹೋಗಿದ್ದೇವೆ, ಐದು ಬೇರೆ ಬೇರೆ ಡಾಕ್ಟರು. ಪ್ರತಿ ಸಲ ಮೊದಲಿಂದ ಕಥೆ. ಆಪರೇಷನ್ ಯಾವಾಗ ಆಯಿತು, ಯಾಕೆ ಆಯಿತು, ಕಾಲು ಯಾವಾಗಿನಿಂದ ಊದುತ್ತದೆ. ಅಮ್ಮನ ಕಾಲು ಯಾವಾಗಲೂ ಸ್ವಲ್ಪ ಊದಿರುತ್ತದೆ. ಹಳೆಯ ಡಾಕ್ಟರಿಗೆ ಎಷ್ಟು ಊತ ಮಾಮೂಲು, ಎಷ್ಟು ಹೊಸದು ಅಂತ ಗೊತ್ತಿತ್ತು. ಹೊಸಬರಿಗೆ ಅದು ಗೊತ್ತಾಗುವುದು ಹೇಗೆ?

ಇದು ಬರೀ ಪ್ರೀತಿ ವಿಶ್ವಾಸದ ಮಾತಲ್ಲ. 2018ರಲ್ಲಿ ಬ್ರಿಟನ್ನಿನ ಸಂಶೋಧಕರು ಒಂಬತ್ತು ದೇಶಗಳ 22 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಅದೇ ಡಾಕ್ಟರನ್ನು ಮತ್ತೆ ಮತ್ತೆ ಕಾಣುವ ರೋಗಿಗಳಲ್ಲಿ ಸಾವು ಕಡಿಮೆ ಅಂತ ಅವುಗಳಲ್ಲಿ 18 ಅಧ್ಯಯನಗಳು ಹೇಳಿದ್ದವು. ವಿಲೀನದ ಬಗ್ಗೆಯೇ ಅಮೆರಿಕದಲ್ಲಿ 2020ರಲ್ಲಿ ಒಂದು ಅಧ್ಯಯನ ಬಂತು. ಬೇರೆಯವರು ಕೊಂಡುಕೊಂಡ 246 ಆಸ್ಪತ್ರೆಗಳನ್ನು ಕೈ ಬದಲಾಗದ ಸುಮಾರು 2,000 ಆಸ್ಪತ್ರೆಗಳ ಜೊತೆ ಹೋಲಿಸಿದರು. ಸಾವಿನಲ್ಲಾಗಲಿ, ರೋಗಿ ಮತ್ತೆ ಬಂದು ದಾಖಲಾಗುವುದರಲ್ಲಾಗಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ರೋಗಿಗಳ ಅನುಭವ ಮಾತ್ರ ಸ್ವಲ್ಪ ಕೆಟ್ಟಿತ್ತು. ತಂಗಿ ಇದನ್ನು ಓದಿ ಹೇಳಿದಾಗ "ಅನುಭವ" ಅನ್ನುವ ಆ ಒಂದು ಪದದಲ್ಲಿ ನನಗೆ ಇಪ್ಪತ್ತೆರಡು ನಿಮಿಷದ ಸಂಗೀತ ಕೇಳಿಸಿತು.

ಹೆರಿಗೆ ವಾರ್ಡ್ ಮುಚ್ಚಿದೆ. ಅದು ದೊಡ್ಡ ಆಸ್ಪತ್ರೆಗೆ ಹೋಯಿತು, ಮುಕ್ಕಾಲು ಗಂಟೆ ದಾರಿ. ನಮ್ಮ ಮನೆಯಲ್ಲಿ ಈಗ ಯಾರಿಗೂ ಅದರ ಅಗತ್ಯ ಇಲ್ಲ, ಹಾಗಾಗಿ ಅನುಭವದಿಂದ ಹೇಳಲಾರೆ. ಆದರೆ ಗರ್ಭಿಣಿಯರಿರುವ ಮನೆಯವರು ತಿಂಗಳು ತುಂಬುವ ಮೊದಲೇ ಒಂದು ಸಲ ಆ ದಾರಿಯಲ್ಲಿ ಹೋಗಿ ಬಂದು ಸಮಯ ನೋಡಿಕೊಳ್ಳಿ.

ಬಿಲ್ಲಿನ ವಿಷಯದಲ್ಲಿ ಎರಡು ಮಾತು. ಒಂದು, ವಿಮೆ. ಹಳೆಯ ಆಸ್ಪತ್ರೆ ನಮ್ಮ ವಿಮಾ ಕಂಪನಿಯ ಪಟ್ಟಿಯಲ್ಲಿತ್ತು. ಹೊಸ ಹೆಸರು ಆ ಪಟ್ಟಿಗೆ ಸೇರಲು ಐದು ವಾರ ಬೇಕಾಯಿತು. ಆ ಐದು ವಾರದಲ್ಲಿ ದಾಖಲಾದವರು ಕೈಯಿಂದ ಪೂರ್ತಿ ಕಟ್ಟಿ ಆಮೇಲೆ ಅರ್ಜಿ ಹಾಕಬೇಕಾಯಿತು. ಹೊರಗೆ ಒಂದು ಬೋರ್ಡ್ ಹಾಕಿದ್ದರೂ ಸಾಕಿತ್ತು, ಹಾಕಲಿಲ್ಲ. ಇಂಥ ಸಮಯದಲ್ಲಿ ವಿಮಾ ಕಂಪನಿಗೇ ಫೋನ್ ಮಾಡಿ ಕೇಳಿ, ಉತ್ತರವನ್ನು ಮೇಲ್‌ನಲ್ಲಿ ತರಿಸಿಕೊಳ್ಳಿ. ಎರಡು, ದರ. ದರ ಏರಿದೆ. ಸುತ್ತಮುತ್ತ ಬೇರೆ ಆಸ್ಪತ್ರೆ ಇಲ್ಲದೆ ಹೋದಾಗ ಹೀಗಾಗುವುದು ಹೊಸದೇನಲ್ಲ. ಅಮೆರಿಕದ ಖಾಸಗಿ ವಿಮೆಯ ಬಿಲ್ಲುಗಳನ್ನು ನೋಡಿದ ಒಂದು ದೊಡ್ಡ ಅಧ್ಯಯನದಲ್ಲಿ, ಹತ್ತಿರದಲ್ಲಿ ಪೈಪೋಟಿಯೇ ಇಲ್ಲದ ಆಸ್ಪತ್ರೆಗಳ ದರ, ನಾಲ್ಕು ಅಥವಾ ಹೆಚ್ಚು ಆಸ್ಪತ್ರೆಗಳಿರುವ ಕಡೆಗಿಂತ ಶೇಕಡಾ 12ರಷ್ಟು ಜಾಸ್ತಿ ಇತ್ತು. ಹಾಗಾಗಿ ದಾಖಲಾಗುವ ಮೊದಲು ಅಂದಾಜು ಬಿಲ್ ಬರಹದಲ್ಲಿ ಕೇಳುವುದು ನಾಚಿಕೆಯ ವಿಷಯವಲ್ಲ.

4.8ರ ಘಟನೆಯ ನಂತರ ನಾನು ಆಸ್ಪತ್ರೆಗೆ ಪತ್ರ ಬರೆದೆ. ಕೂಗಾಡಲಿಲ್ಲ. ಯಾವ ದಿನ, ಎಷ್ಟು ಹೊತ್ತಿಗೆ, ಸ್ಕ್ರೀನಿನಲ್ಲಿ ಏನಿತ್ತು, ಆ್ಯಪಿನಲ್ಲಿ ಏನು ಬಂತು, ಎಲ್ಲ ಸಾಲಾಗಿ ಬರೆದೆ. ಕೆಂಪು ಬಾಣಗಳ ಚಿತ್ರ ಸೇರಿಸಿದೆ. ಎರಡು ವಾರ ಉತ್ತರ ಇಲ್ಲ. ಮತ್ತೆ ಬರೆದೆ. ಆಗ ಒಬ್ಬರು ಮೇಲ್ವಿಚಾರಕಿ ಕರೆಸಿ ಒಂದು ಗಂಟೆ ಕೂರಿಸಿಕೊಂಡು ಕೇಳಿದರು, ಬರೆದುಕೊಂಡರು. ಆರು ವಾರದಲ್ಲಿ ಮೂರು ಬದಲಾವಣೆ ಆಯಿತು. ಔಷಧಿ ಪಟ್ಟಿ ಖಾಲಿ ಇದ್ದರೆ ಈಗ "ಪರಿಶೀಲಿಸಿಲ್ಲ" ಅಂತ ಹಳದಿ ಬಣ್ಣದಲ್ಲಿ ಬರುತ್ತದೆ. ವಾರ್ಫರಿನ್ ರೋಗಿಗಳಿಗೆ ಅವರವರ ಗುರಿ ಮಟ್ಟ ಫಲಿತಾಂಶದ ಪಕ್ಕದಲ್ಲಿ ಬರುತ್ತದೆ. ಮತ್ತೆ ಆ ಹಿರಿಯ ಸಿಸ್ಟರಿಗೆ ಒಂದು ಮೇಜು, ಒಂದು ಫೋನ್ ಕೊಟ್ಟಿದ್ದಾರೆ. ವಾರ್ಫರಿನ್ ತೆಗೆದುಕೊಳ್ಳುವವರ ಫಲಿತಾಂಶ ಅವರ ಕಣ್ಣು ದಾಟಿಯೇ ಹೋಗಬೇಕು. ಆ ಫೋನ್ ಬೆಳಗ್ಗೆ ಒಂಬತ್ತರಿಂದ ಸಂಜೆ ಐದರ ತನಕ ಮಾತ್ರ. ರಾತ್ರಿಗೆ ಇನ್ನೂ ಅದೇ ಒಂದು ಒತ್ತಿ, ಮೂರು ಒತ್ತಿ. ಅದು ಸರಿಯಾಗುವ ತನಕ ನಾನು ಬರೆಯುತ್ತಲೇ ಇರುತ್ತೇನೆ.

ನಕ್ಷತ್ರ ಕೊಡುವುದಾದರೆ ತುರ್ತು ಚಿಕಿತ್ಸೆಗೆ ಐದಕ್ಕೆ ಐದು. ವರ್ಷಗಟ್ಟಲೆ ಹೋಗಿ ಬರುವ ರೋಗಿಗಳಿಗೆ ಮೊದಲ ಆರು ತಿಂಗಳಿಗೆ ಒಂದು, ಈಗ ಮೂರು. ನಿಮ್ಮ ಹತ್ತಿರದ ಆಸ್ಪತ್ರೆಯೂ ದೊಡ್ಡದಕ್ಕೆ ಸೇರುತ್ತಿದೆ ಅಂತ ಗೊತ್ತಾದರೆ, ಸೇರುವ ಮೊದಲೇ ಹೋಗಿ ಹಳೆಯ ಕಾಗದಗಳ ನಕಲು ಪಡೆಯಿರಿ. ಡಿಸ್ಚಾರ್ಜ್ ಸಮ್ಮರಿ, ಎಕೋ ವರದಿ, ಆಪರೇಷನ್ ವಿವರ, ಕಳೆದ ಒಂದು ವರ್ಷದ ರಕ್ತಪರೀಕ್ಷೆ. ಆಮೇಲೆ ಕೇಳಿದರೆ ಗೋದಾಮು, ಅರ್ಜಿ, ಅಲೆದಾಟ. ದೇಹದೊಳಗೆ ವಾಲ್ವ್, ಪೇಸ್‌ಮೇಕರ್, ಸ್ಟೆಂಟ್ ಏನೇ ಇದ್ದರೂ ಅದರ ಜೊತೆ ಕೊಟ್ಟ ಕಾರ್ಡನ್ನು ಪರ್ಸಿನಲ್ಲಿಡಿ. ಹೋದ ತಿಂಗಳು ಅಮ್ಮನಿಗೆ ಬೆನ್ನಿನ ಎಂಆರ್‌ಐ ಬೇಕಾಯಿತು. ಯಂತ್ರದ ಬಾಗಿಲಲ್ಲಿ "ವಾಲ್ವ್ ಯಾವ ಕಂಪನಿಯದು, ಯಾವ ಮಾದರಿ?" ಅಂತ ಕೇಳಿದರು. ಕಂಪ್ಯೂಟರಿನಲ್ಲಿ ಇರಲಿಲ್ಲ. ಅಮ್ಮ ಪರ್ಸ್ ತೆಗೆದಳು. ಆ ಹಳೆಯ ನೀಲಿ ಕಾರ್ಡಿನ ಹಿಂದೆ ಪ್ಲಾಸ್ಟಿಕ್ ಹೊದಿಕೆಯಲ್ಲಿ ವಾಲ್ವಿನ ಕಾರ್ಡ್ ಇತ್ತು. ಮಾದರಿ, ಗಾತ್ರ, ಸೀರಿಯಲ್ ನಂಬರ್, ಎಲ್ಲ. ಎಂಆರ್‌ಐ ಕೋಣೆಯ ಹುಡುಗ ಅದನ್ನು ನೋಡಿ ಬರೆದುಕೊಂಡು, ಎರಡು ಕೈಯಲ್ಲಿ ವಾಪಸ್ ಕೊಟ್ಟ.

ಅಮ್ಮನ ಮುಂದಿನ ಐಎನ್‌ಆರ್ ಹದಿನಾಲ್ಕನೇ ತಾರೀಖು. ಹತ್ತೂವರೆಯೊಳಗೆ ರಕ್ತ ಕೊಟ್ಟರೆ ಹನ್ನೊಂದರ ವ್ಯಾನಿಗೆ ಹೋಗುತ್ತದೆ. ಮೂರಕ್ಕೆ ಫಲಿತಾಂಶ. ಮೂರೂಕಾಲಿಗೆ ಸಿಸ್ಟರ್ ಫೋನ್ ಮಾಡುತ್ತಾರೆ.